ಹಿಟ್ಟಿನ ಹುಂಜ ಮತ್ತು ಹಸಿರು ನೆತ್ತರು

ಭಾನುವಾರದ ಮಧ್ಯಾಹ್ನ ಚನ್ನಗಿರಿಯ ಪೇಟೆಬೀದಿಯಲ್ಲಾಗಲಿ, ಹೊನ್ನಾಳಿಯ ಹೊಳೆದಂಡೆಯ ಕಟ್ಟೆಯ ಮೇಲಾಗಲಿ, ನ್ಯಾಮತಿಯ ಯಾವುದೋ ಅಂಗಡಿಯ ಜಗಲಿಯಲ್ಲಾಗಲಿ, ಜಗಳೂರಿನ ಬಸ್ ನಿಲ್ದಾಣದಲ್ಲಾಗಲಿ ನಾಲ್ವರು ಹುಡುಗರು ಒತ್ತಾಗಿ ಕುಳಿತು, ತಲೆ ತಗ್ಗಿಸಿ, ಅಂಗೈಯಗಲದ ಪರದೆಯಲ್ಲಿ ಮುಳುಗಿರುವ ದೃಶ್ಯ ಈಗ ಯಾರಿಗೂ ಹೊಸದಲ್ಲ. ನಡುನಡುವೆ ಒಬ್ಬನು ಕೂಗುತ್ತಾನೆ: “ಬಿದ್ದಾನಲೇ, ಮುಗಿಸು ಅವನ್ನ!” ಬಸದಿಯಿಂದ ಮರಳುತ್ತಿರುವ ಹಿರಿಯರು ಆ ಕೂಗನ್ನು ಕೇಳಿ ಒಂದು ಕ್ಷಣ ನಿಲ್ಲುತ್ತಾರೆ, ಪಂಚಮಕಾಲದ ಪ್ರಭಾವವೆಂದು ನಿಟ್ಟುಸಿರಿಟ್ಟು ಮುಂದಕ್ಕೆ ನಡೆಯುತ್ತಾರೆ. ಪಂಚಮಕಾಲದ ಮೇಲೆ ಹೊರಿಸಿದ ಹೊರೆಗೆ ಯಾರೂ ಲೆಕ್ಕ ಒಪ್ಪಿಸಬೇಕಾಗಿಲ್ಲವಷ್ಟೆ. ಆದುದರಿಂದಲೇ ಆ ಮಾತು ಅಷ್ಟು ಸುಲಭವಾಗಿ ಬಾಯಿಗೆ ಬರುತ್ತದೆ.

ಈ ಆಟಗಳ ಕುರಿತು ಸಮಾಜದಲ್ಲಿ ಮೂರು ಅಭಿಪ್ರಾಯಗಳು ಸಂಚರಿಸುತ್ತಿವೆ. ಟ್ರಸ್ಟಿನ ಸಭೆಗಳಲ್ಲಿ ಕೇಳಿಬರುವುದು ಮೊದಲನೆಯದು: ಗುಂಡು, ಕತ್ತಿ, ಹೊಡೆದಾಟವುಳ್ಳ ಆಟವೆಲ್ಲ ಹಿಂಸೆ, ಎಲ್ಲವೂ ಒಂದೇ, ಎಲ್ಲವನ್ನೂ ನಿಷೇಧಿಸತಕ್ಕದ್ದು. ಎರಡನೆಯದು ಮಕ್ಕಳ ಮತ್ತು ಅವರಿಗೆ ಮೊಬೈಲ್ ಕೊಡಿಸಿದ ತಂದೆತಾಯಿಗಳ ವಾದ: ಅದು ಬರಿಯ ಚಿತ್ರ, ಅಲ್ಲಿ ಯಾವ ಜೀವವೂ ಸಾಯುವುದಿಲ್ಲ. ಮೂರನೆಯದು ದಾವಣಗೆರೆಯ ಇಂಜಿನಿಯರಿಂಗ್ ಕಾಲೇಜುಗಳಿಂದ ರಜೆಗೆ ಲ್ಯಾಪ್‌ಟಾಪಿನೊಡನೆ ಬರುವ ತರುಣರದು. ತಾವು ಆಡುವುದು ಮೊಬೈಲಿನ ಹುಡುಗಾಟವಲ್ಲವೆಂದೂ, ತಮ್ಮ ಆಟ ಬಹಳ ಕಠಿಣವೆಂದೂ, ಒಬ್ಬ ಎದುರಾಳಿಯನ್ನು ಗೆಲ್ಲಲು ಐವತ್ತು ಬಾರಿ ಸಾಯಬೇಕಾಗುತ್ತದೆಂದೂ, ಆದ್ದರಿಂದ ಅದು ತಾಳ್ಮೆಯನ್ನೂ ಸಂಯಮವನ್ನೂ ಕಲಿಸುತ್ತದೆಂದೂ ಅವರು ಹೇಳುತ್ತಾರೆ. ಮೂರೂ ಅಭಿಪ್ರಾಯಗಳು ದೋಷಯುಕ್ತವಾಗಿವೆ. ಅವುಗಳಲ್ಲಿ ಮೊದಲನೆಯದನ್ನು ಹಿಡಿದವರೇ ಹೆಚ್ಚು ಅಧಿಕಾರವುಳ್ಳವರಾದ್ದರಿಂದ ಅವರ ದೋಷವೇ ಹೆಚ್ಚು ಹಾನಿಕರ.

ನಿಷೇಧವಾದಿಗಳು ಮುಂದಿಡುವ ಸಾಕ್ಷ್ಯಗಳನ್ನೇ ನೋಡಬಹುದು. 2024ರ ಅಕ್ಟೋಬರಿನಲ್ಲಿ ನ್ಯಾಮತಿಯ ಸ್ಟೇಟ್ ಬ್ಯಾಂಕ್ ಶಾಖೆಯಲ್ಲಿ ಹದಿನೇಳು ಕಿಲೋಗ್ರಾಮಿಗೂ ಮಿಕ್ಕ ಬಂಗಾರ ಕಳವಾಯಿತು. 2025ರಲ್ಲಿ ಆರೋಪಿಗಳು ಸಿಕ್ಕಿಬಿದ್ದಾಗ, ಕಳ್ಳತನದ ಕ್ರಮವನ್ನು ಅವರು ಒಂದು ವಿದೇಶೀ ಧಾರಾವಾಹಿಯಿಂದಲೂ ಯೂಟ್ಯೂಬಿನ ವೀಡಿಯೋಗಳಿಂದಲೂ ಕಲಿತರೆಂದು ಪೊಲೀಸರು ತಿಳಿಸಿದರು. ಅಂದಿನಿಂದ ಈ ಸೀಮೆಯಲ್ಲಿ “ಪರದೆಯಿಂದಲೇ ಪಾಪ” ಎಂಬ ವಾದಕ್ಕೆ ನ್ಯಾಮತಿಯೇ ಉದಾಹರಣೆಯಾಗಿದೆ. ಆದರೆ ಅದೇ ಪೊಲೀಸರು ಸಾಲ ದೊರೆಯದ ಸಿಟ್ಟಿನ ಮಾತನ್ನೂ ಹೇಳಿದ್ದರು. ಅದನ್ನು ಯಾರೂ ನೆನೆಯುವುದಿಲ್ಲ. ಧಾರಾವಾಹಿ ದಾರಿ ತೋರಿಸಿರಬಹುದು, ಲೋಭವನ್ನು ಹುಟ್ಟಿಸಲಿಲ್ಲ. 2019ರ ಸೆಪ್ಟೆಂಬರಿನಲ್ಲಿ ಬೆಳಗಾವಿಯ ಬಳಿ ಪಬ್‌ಜಿ ಆಡಬೇಡವೆಂದ ತಂದೆಯನ್ನು ಮಗನೇ ಕೊಂದ ಘೋರ ಪ್ರಕರಣವನ್ನೂ ಪದೇ ಪದೇ ಹೇಳಲಾಗುತ್ತದೆ. ಒಂದು ಮನೆಯ ದುರಂತವನ್ನು ಆಡುವ ಹುಡುಗರೆಲ್ಲರ ಹಣೆಗೆ ಹಚ್ಚುವುದು ನ್ಯಾಯವಲ್ಲ. ಹಾಗೆ ಹಚ್ಚಿದ ಹಿರಿಯರ ಮಾತನ್ನು ಹುಡುಗರು ಮರುದಿನದಿಂದ ಕೇಳುವುದೂ ಇಲ್ಲ. ಏಕೆಂದರೆ ತಾವು ಯಾರನ್ನೂ ಕೊಂದಿಲ್ಲವೆಂಬುದು ಅವರಿಗೆ ಚೆನ್ನಾಗಿ ಗೊತ್ತು.

ಸರ್ಕಾರದ ನಿಷೇಧವನ್ನು ಅಹಿಂಸೆಯ ಗೆಲುವೆಂದು ಹೊಗಳಿದವರೂ ಇದ್ದರು. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಸೇರಿದಂತೆ 118 ಆ್ಯಪ್‌ಗಳನ್ನೂ, 2022ರ ಫೆಬ್ರುವರಿಯಲ್ಲಿ ಫ್ರೀ ಫೈರ್ ಸೇರಿದಂತೆ 54 ಆ್ಯಪ್‌ಗಳನ್ನೂ ಕೇಂದ್ರ ಸರ್ಕಾರ ತಡೆದದ್ದು ನಿಜ. ಆದರೆ ಕಾರಣ ಹಿಂಸೆಯಲ್ಲ. ದೇಶದ ಭದ್ರತೆ, ಬಳಕೆದಾರರ ಮಾಹಿತಿ, ಗಡಿಯಾಚೆಯ ಕಂಪನಿಗಳು. ಪಬ್‌ಜಿಯೇ 2021ರ ಜುಲೈಯಲ್ಲಿ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ, ಅರ್ಥಾತ್ ಬಿ.ಜಿ.ಎಂ.ಐ., ಎಂಬ ಹೊಸ ಹೆಸರಿನಿಂದ ಬಂತು; 2022ರ ಜುಲೈಯಲ್ಲಿ ಮರೆಯಾಯಿತು; 2023ರ ಮೇ ತಿಂಗಳಲ್ಲಿ ಮತ್ತೆ ಮರಳಿತು. ಫ್ರೀ ಫೈರ್ ಹೋದರೂ ಅದರ ಒಡಹುಟ್ಟಾದ ಫ್ರೀ ಫೈರ್ ಮ್ಯಾಕ್ಸ್ ಉಳಿದುಕೊಂಡಿತು. ಬಂದೂಕು ಮಾತ್ರ ಒಂದು ದಿನವೂ ಕೈಬಿಡಲಿಲ್ಲ.

ಬಿ.ಜಿ.ಎಂ.ಐ. ಬಂದಾಗ ಸರ್ಕಾರಕ್ಕೂ ತಂದೆತಾಯಿಗಳಿಗೂ ಸಮಾಧಾನವಾಗಲೆಂದು ಕಂಪನಿಯವರು ಕೆಲವು ಮಾರ್ಪಾಡುಗಳನ್ನು ಮಾಡಿದರು. ಗುಂಡು ತಗುಲಿದಾಗ ಚಿಮ್ಮುವ ನೆತ್ತರು ಕೆಂಪಲ್ಲ, ಹಸಿರು. “ಕೊಲ್ಲು” ಎಂಬರ್ಥದ ಇಂಗ್ಲಿಷ್ ಶಬ್ದದ ಬದಲು “ಮುಗಿಸು” ಎಂಬರ್ಥದ ಶಬ್ದ. ಇದು ನಿಜವಾದ ಲೋಕವಲ್ಲವೆಂದು ಆಗಾಗ ಎಚ್ಚರಿಸುವ ಒಂದು ಧ್ವನಿ. ಹೊನ್ನಾಳಿಯ ಕಟ್ಟೆಯ ಮೇಲೆ ಹುಡುಗನು “ಮುಗಿಸು” ಎಂದು ಕೂಗುತ್ತಿರುವುದು ಈ ಸುಧಾರಣೆಯ ಫಲವೋ ಏನೋ!

ಇಲ್ಲಿಯೇ ಮಹಾಕವಿ ಜನ್ನನು ನೆನಪಾಗಬೇಕು. 1209ರಲ್ಲಿ ಆತನು ರಚಿಸಿದ ಯಶೋಧರ ಚರಿತೆಯ ಕಥೆಯನ್ನು ಅರಿಯದ ಜೈನ ಮನೆ ಕನ್ನಡನಾಡಿನಲ್ಲಿ ವಿರಳ. ಕೆಟ್ಟ ಕನಸಿನ ಪರಿಹಾರಕ್ಕೆಂದು ತಾಯಿ ಚಂದ್ರಮತಿ ಪ್ರಾಣಿಬಲಿಯನ್ನು ಕೇಳುತ್ತಾಳೆ. ಯಶೋಧರನು ಜೀವವಧೆಗೆ ಒಪ್ಪುವುದಿಲ್ಲ. ಕೊನೆಗೆ ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನಿಂದ ಮಾಡಿದ ಹುಂಜವನ್ನು ಚಂಡಮಾರಿಗೆ ಬಲಿಕೊಡಲು ಒಪ್ಪುತ್ತಾನೆ. ಕತ್ತಿ ಬೀಳುವಾಗ ಆ ಹಿಟ್ಟಿನ ಹುಂಜ ಕೂಗುತ್ತದೆ. ಅರಸನ ಎದೆ ನಡುಗುತ್ತದೆ. ಅನಂತರ ತಾಯಿಮಕ್ಕಳು ರಾಣಿಯಿಟ್ಟ ವಿಷದಿಂದ ಸತ್ತು, ನವಿಲು-ನಾಯಿಗಳಿಂದ ಮೊದಲ್ಗೊಂಡು ಭವಭವಗಳಲ್ಲಿ ತೊಳಲಿ, ಕೋಳಿಗಳಾಗಿಯೂ ಹುಟ್ಟಿ ಸತ್ತು, ಕೊನೆಗೆ ಅಭಯರುಚಿ-ಅಭಯಮತಿಯರಾಗಿ ಜನಿಸಿ ಮಾರಿದತ್ತನ ಬಲಿಪೀಠದ ಮುಂದೆ ನಿಲ್ಲುತ್ತಾರೆ. ಆ ಹುಂಜದಲ್ಲಿ ಜೀವವಿರಲಿಲ್ಲ. ಅಲ್ಲಿ ನೆತ್ತರೂ ಹರಿಯಲಿಲ್ಲ. ಆದರೂ ಸಂಕಲ್ಪವಿತ್ತು.

“ಬರಿಯ ಚಿತ್ರ” ಎನ್ನುವವರಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ. ಅದೂ ಬರಿಯ ಹಿಟ್ಟೇ ಆಗಿತ್ತು. ಯಶೋಧರನು ಹಿಟ್ಟಿನ ಹುಂಜವನ್ನು ಒಪ್ಪಿದ್ದು ತಾಯಿಯ ಮನಸ್ಸನ್ನು ಸಂತೈಸಲು. ಕಂಪನಿಯು ಹಸಿರು ನೆತ್ತರನ್ನು ಒಪ್ಪಿದ್ದು ಸರ್ಕಾರದ ಮನಸ್ಸನ್ನು ಸಂತೈಸಲು. ಎರಡರಲ್ಲಿಯೂ ಕತ್ತಿ, ಗುರಿ, ಏಟು, ಗೆಲುವು ಎಲ್ಲವನ್ನೂ ಉಳಿಸಿಕೊಂಡು ಕೆಂಪು ಬಣ್ಣವೊಂದನ್ನು ತೆಗೆಯಲಾಯಿತು. ಇನ್ನೂ ವಿಚಿತ್ರವೆಂದರೆ, ಆ ಆಟದಲ್ಲಿ ಕೊನೆಯವರೆಗೂ ಉಳಿದು ಗೆದ್ದವನ ಪರದೆಯ ಮೇಲೆ ಮೂಡುವ ಅಭಿನಂದನೆ “ವಿನ್ನರ್ ವಿನ್ನರ್ ಚಿಕನ್ ಡಿನ್ನರ್” ಎಂದು. ಬೇರುಗಡ್ಡೆಯನ್ನೂ ಮುಟ್ಟದ, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಮನೆಯ ಬಾಲಕನು ರಾತ್ರಿ ಹತ್ತು ಗಂಟೆಗೆ ಹೊದಿಕೆಯೊಳಗೆ ಕುಳಿತು ಕೋಳಿಯ ಊಟವನ್ನು ಗೆದ್ದೆನೆಂದು ಹಿಗ್ಗುತ್ತಾನೆ. ಜನ್ನನ ಹುಂಜ ಎಂಟು ನೂರು ವರ್ಷಗಳ ಮೇಲೆ ಮತ್ತೆ ಕೂಗಿದೆ, ಈ ಸಲ ಇಂಗ್ಲಿಷಿನಲ್ಲಿ.

ಆದರೆ ನಿಷೇಧವಾದಿಗಳು ಇಷ್ಟಕ್ಕೇ ಸಂತೋಷಪಟ್ಟು ಚಪ್ಪಾಳೆ ತಟ್ಟಬಾರದು. ಹಿಟ್ಟಿನ ಹುಂಜದ ಕಥೆ ಎಲ್ಲ ಕಾಳಗದಾಟಗಳನ್ನೂ ಖಂಡಿಸುವುದಿಲ್ಲ. ಖಂಡಿಸುವುದಾದರೆ ಚದುರಂಗವನ್ನೂ ಖಂಡಿಸಬೇಕಾಗುತ್ತದೆ. ಅಲ್ಲಿ ಆನೆ ಕುದುರೆಗಳು ಬೀಳುತ್ತವೆ, ಅರಸನು ಸಿಕ್ಕಿಬೀಳುತ್ತಾನೆ. ದಾವಣಗೆರೆ ಸೀಮೆಯ ಗರಡಿಮನೆಗಳ ಕುಸ್ತಿಯನ್ನೂ ಖಂಡಿಸಬೇಕಾಗುತ್ತದೆ. ಅದಕ್ಕಿಂತ ಮಿಗಿಲಾಗಿ ಭರತ-ಬಾಹುಬಲಿಯರ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿಗೆ ಏನೆನ್ನಬೇಕು? ಎರಡು ಸೈನ್ಯಗಳು ಮಡಿಯುವುದನ್ನು ತಪ್ಪಿಸಲೆಂದೇ ಮಂತ್ರಿಗಳು ಆ ಮೂರು ಕಾಳಗಗಳನ್ನು ಗೊತ್ತುಮಾಡಿದರೆಂಬುದು ಪುರಾಣಪ್ರಸಿದ್ಧ. 941ರಲ್ಲಿ ಆದಿಪುರಾಣವನ್ನು ರಚಿಸಿದ ಪಂಪನು ಆ ಸ್ಪರ್ಧೆಯನ್ನು ಹಿಂಸೆಯೆಂದು ತೆಗೆದುಹಾಕದೆ, ಕಾವ್ಯದ ಶಿಖರವನ್ನಾಗಿಸಿದನು. ಸ್ಪರ್ಧೆ ಬೇರೆ, ವಧೆ ಬೇರೆ. ಜೈನಶಾಸ್ತ್ರವು ಈ ವ್ಯತ್ಯಾಸವನ್ನು ಬಲ್ಲದು; ಅದನ್ನು ಮರೆತಿರುವವರು ಶಾಸ್ತ್ರದ ಹೆಸರಿನಲ್ಲಿ ನಿರ್ಣಯ ಮಂಡಿಸುವವರು.

ಹಾಗಾದರೆ ಅಳತೆಗೋಲು ಯಾವುದು? ರೌದ್ರಧ್ಯಾನದ ನಾಲ್ಕು ಭೇದಗಳಲ್ಲಿ ಮೊದಲನೆಯದು ಹಿಂಸಾನಂದ, ಎಂದರೆ ಪರರ ನೋವಿನಲ್ಲಿ ಸಂತೋಷ. ಆಟದಲ್ಲಿ ಏಟು ಇದೆಯೇ ಎಂಬುದಲ್ಲ, ಆ ಏಟು ಆಡುವವನ ಮನಸ್ಸಿನಲ್ಲಿ ಯಾವ ಆನಂದವನ್ನು ಪೋಷಿಸುತ್ತದೆ ಎಂಬುದೇ ಪರೀಕ್ಷೆ. ಈ ಪರೀಕ್ಷೆಗೆ ಆಟವನ್ನು ಒಡ್ಡಬೇಕಾದರೆ ಆಟವನ್ನು ನೋಡಬೇಕು. ನೋಡದೆಯೇ ನಿಷೇಧಿಸುವುದು, ಸರಕಿನ ಮೂಟೆಯನ್ನು ಬಿಚ್ಚದೆಯೇ ಹುಳುಕೆಂದು ಬೆಲೆ ಕಟ್ಟುವ ವ್ಯಾಪಾರಿಯ ರೀತಿ.

ನೋಡಿದರೆ ಕಾಣುವುದೇನು? ಈ ನಾಲ್ಕು ತಾಲ್ಲೂಕುಗಳ ಹುಡುಗರು ಬಿ.ಜಿ.ಎಂ.ಐ. ಪಕ್ಷ, ಫ್ರೀ ಫೈರ್ ಪಕ್ಷ ಎಂದು ಎರಡಾಗಿ ಜಗಳವಾಡುತ್ತಾರೆ. ಯಾವುದರಲ್ಲಿ ಕಾಳಗ ಶ್ರೇಷ್ಠ, ಯಾವುದು ಹೆಚ್ಚು ಕಠಿಣ ಎಂಬುದೇ ಜಗಳದ ವಿಷಯ. ಹಿರಿಯರಿಗೆ ಇದು ಕ್ಷುಲ್ಲಕವೆಂದು ತೋರಬಹುದು. ವಾಸ್ತವವಾಗಿ ನೀತಿಯ ಪ್ರಶ್ನೆ ಈ ಜಗಳದೊಳಗೇ ಅಡಗಿದೆ. ಮೊದಲನೆಯದರಲ್ಲಿ ನೂರು ಜನ ಒಂದು ದ್ವೀಪಕ್ಕಿಳಿಯುತ್ತಾರೆ, ಆಟ ಅರ್ಧ ಗಂಟೆಯ ಆಸುಪಾಸು ನಡೆಯುತ್ತದೆ. ಎರಡನೆಯದರಲ್ಲಿ ಐವತ್ತು ಜನ, ಹತ್ತು ನಿಮಿಷ. ಅಗ್ಗದ ಮೊಬೈಲಿನಲ್ಲಿಯೂ ನಡೆಯುತ್ತದೆ, ಹಳ್ಳಿಯ ಹುಡುಗರಿಗೆ ಅದೇ ಅನುಕೂಲ. ಬಿ.ಜಿ.ಎಂ.ಐ.ಯಲ್ಲಿ ಗುಂಡು ದೂರ ಹೋದಂತೆ ಕೆಳಗಿಳಿಯುತ್ತದೆ, ಬಂದೂಕು ಒದೆಯುತ್ತದೆ, ಆ ಒದೆತವನ್ನು ಹೆಬ್ಬೆರಳಿನಿಂದ ಕೆಳಗೆಳೆದು ಹತೋಟಿಗೆ ತರಬೇಕು. ಅದು ತಿಂಗಳುಗಳ ಅಭ್ಯಾಸ. ಫ್ರೀ ಫೈರಿನಲ್ಲಿ ಗುರಿಯಿಡಲು ಆಟವೇ ಹೆಚ್ಚು ನೆರವಾಗುತ್ತದೆ. ಎರಡರಲ್ಲಿಯೂ ಸುರಕ್ಷಿತ ಪ್ರದೇಶ ವೃತ್ತಾಕಾರವಾಗಿ ಕುಗ್ಗುತ್ತಾ ಬರುತ್ತದೆ. ಅಡಗಿ ಕುಳಿತವನನ್ನು ಹೊರಗೆಳೆದು ಇನ್ನೊಬ್ಬನ ಎದುರಿಗೆ ನಿಲ್ಲಿಸುವುದೇ ಆ ವೃತ್ತದ ಕೆಲಸ. ಕಾಳಗವನ್ನು ನಿರಾಕರಿಸುವವನಿಗೆ ಅಲ್ಲಿ ಸ್ಥಳ ಕಡಿಮೆಯಾಗುತ್ತಲೇ ಹೋಗುತ್ತದೆ.

ಇನ್ನು ಬಿದ್ದವನ ವಿಷಯ. ಜೊತೆಗಾರರೊಡನೆ ಆಡುವಾಗ ಗುಂಡು ತಿಂದವನು ಒಡನೆ ಸಾಯುವುದಿಲ್ಲ. ಮಂಡಿಯೂರಿ ತೆವಳುತ್ತಾನೆ, ಗೆಳೆಯನು ಬಂದು ಎತ್ತಿದರೆ ಬದುಕುತ್ತಾನೆ. ಗೆಳೆಯನನ್ನು ಎತ್ತಲು ಗುಂಡಿನ ಮಳೆಯಲ್ಲಿ ಓಡಿ ಬರುವುದನ್ನು ಈ ಆಟ ಕಲಿಸುತ್ತದೆ. ಈ ಒಂದು ಗುಣವನ್ನು ಒಪ್ಪದಿರುವುದು ಅನ್ಯಾಯ. ಆದರೆ ತೆವಳುತ್ತಿರುವವನನ್ನು, ಆಯುಧ ಹಿಡಿಯಲಾರದವನನ್ನು, ಇನ್ನೊಬ್ಬನು ನಿಂತು ಹೊಡೆದು “ಮುಗಿಸಿ”, ಅವನ ಗಂಟುಮೂಟೆಯನ್ನು ಬಾಚಿಕೊಂಡು, ಕೆಲವೊಮ್ಮೆ ಅಲ್ಲೇ ಕುಣಿಯುವುದನ್ನೂ ಅದೇ ಆಟ ಕಲಿಸುತ್ತದೆ. ಆ ಕುಣಿತಗಳು ಹಣಕ್ಕೆ ಮಾರಾಟಕ್ಕಿವೆ. ಗರಡಿಯಲ್ಲಿ ಬೆನ್ನು ಮಣ್ಣಿಗೆ ತಾಗಿದ ಕ್ಷಣ ಕುಸ್ತಿ ಮುಗಿಯಿತು. ಬಿದ್ದವನ ಮೇಲೆ ಕೈಮಾಡಿದ ಪೈಲ್ವಾನನನ್ನು ಅವನ ಉಸ್ತಾದನೇ ಹೊರಗೆ ಹಾಕುತ್ತಾನೆ. “ಹೊನ್ನಾಳಿ ಹೊಡೆತ” ಎಂಬ ಮಾತಿನ ಗಟ್ಟಿತನ ಎದುರಿಗೆ ನಿಂತವನ ಮೇಲೆ ಬಿದ್ದ ಏಟಿನಲ್ಲಿದೆ, ತೆವಳುವವನ ಮೇಲೆ ಬಿದ್ದುದರಲ್ಲಲ್ಲ.

ಕಠಿಣತೆಯ ಹೆಗ್ಗಳಿಕೆಯನ್ನೂ ಬಿಚ್ಚಿ ನೋಡಬೇಕು. ಹೊಸದಾಗಿ ಆಡತೊಡಗಿದ ಹುಡುಗನ ಎದುರಿಗೆ ಆಟವು ಬಹುಮಟ್ಟಿಗೆ ಮನುಷ್ಯರನ್ನು ನಿಲ್ಲಿಸುವುದಿಲ್ಲ. ಬಾಟ್ ಎಂದು ಕರೆಯುವ ಯಂತ್ರಚಾಲಿತ ಬೊಂಬೆಗಳನ್ನು ನಿಲ್ಲಿಸುತ್ತದೆ. ಅವುಗಳಿಗೆ ಮನುಷ್ಯರ ಹೆಸರಿನಂತಹ ಹೆಸರುಗಳೇ ಇರುತ್ತವೆ. ಅವು ಸರಿಯಾಗಿ ಗುರಿಯಿಡುವುದಿಲ್ಲ, ಓಡುವುದೂ ಇಲ್ಲ. ಹುಡುಗನು ಹನ್ನೆರಡನ್ನು ಉರುಳಿಸಿ ತಾನು ಶೂರನೆಂದು ಬಗೆಯುತ್ತಾನೆ. ಇದು ಅಸತ್ಯವಲ್ಲದೆ ಮತ್ತೇನು? ಅಂಗಡಿಯಲ್ಲಿ ಮೊದಲ ದಿನ ತೂಕ ಹೆಚ್ಚು ಹಾಕಿ ಗಿರಾಕಿಯನ್ನು ಹಿಡಿದು, ಅನಂತರ ಬೆಲೆ ಏರಿಸುವವನನ್ನು ಯಾವ ಪೇಟೆಯೂ ಸಜ್ಜನನೆಂದು ಕರೆದಿಲ್ಲ. ಫ್ರೀ ಫೈರ್ ಇನ್ನೊಂದು ಹೆಜ್ಜೆ ಮುಂದೆ. ಅದರಲ್ಲಿ ಡೈಮಂಡ್ ಎಂಬ ನಾಣ್ಯಕ್ಕೆ ನಿಜವಾದ ರೂಪಾಯಿ ತೆರಬೇಕು. ಆ ನಾಣ್ಯದಿಂದ ದೊರಕಿಸಿಕೊಳ್ಳುವ ಬಂದೂಕಿನ ಹೊದಿಕೆ ಬರಿಯ ಅಲಂಕಾರವಲ್ಲ, ಗುಂಡಿನ ಏಟನ್ನೋ ವೇಗವನ್ನೋ ಹೆಚ್ಚಿಸಬಲ್ಲದು. ಬಿ.ಜಿ.ಎಂ.ಐ.ಯಲ್ಲಿ ಹೊದಿಕೆ ಅಲಂಕಾರ ಮಾತ್ರ. ಈ ಒಂದು ವಿಷಯದಲ್ಲಿ ಬಿ.ಜಿ.ಎಂ.ಐ. ಪಕ್ಷದ ಹುಡುಗರ ವಾದವೇ ಸರಿಯೆಂದು ಒಪ್ಪಬೇಕು. ಮೂರು ಕಾಳಗಗಳಲ್ಲಿ ಸೋತ ಮೇಲೆ ಭರತನು ಮಾಡಿದ್ದೇನು? ನಿಯಮವನ್ನು ಮೀರಿ ಚಕ್ರರತ್ನವನ್ನು ಎಸೆದನು. ಅದು ಬಾಹುಬಲಿಯನ್ನು ಬಲವಂದು ಸುಮ್ಮನಾಯಿತು, ಚಕ್ರವರ್ತಿಗೆ ನಾಚಿಕೆಯಷ್ಟೇ ಉಳಿಯಿತು. ಇಂದಿನ ಚಕ್ರರತ್ನ ನಾಚುವುದಿಲ್ಲ. ಹಣ ಕೊಟ್ಟವನ ಕಡೆಗೇ ಗೆಲುವನ್ನು ತಿರುಗಿಸುತ್ತದೆ.

ಈಗ ಮೂರನೆಯ ಪಕ್ಷಕ್ಕೆ, ಕಠಿಣ ಆಟಗಳ ಉಪಾಸಕರ ಕಡೆಗೆ ತಿರುಗಬೇಕು. ಇವರು ಹೆಚ್ಚು ಓದಿದವರು, ಇವರ ವಾದವೂ ಹೆಚ್ಚು ಸೂಕ್ಷ್ಮ. ಜಪಾನಿನ ಫ್ರಮ್‌ಸಾಫ್ಟ್‌ವೇರ್ ಎಂಬ ಕಂಪನಿಯ ಡಾರ್ಕ್ ಸೋಲ್ಸ್ (2011), ಸೆಕಿರೊ (2019), ಎಲ್ಡನ್ ರಿಂಗ್ (2022) ಇವರ ಆರಾಧ್ಯ ಆಟಗಳು. ಇವುಗಳಲ್ಲಿ ಸುಲಭ, ಮಧ್ಯಮ, ಕಠಿಣವೆಂದು ಆಯ್ದುಕೊಳ್ಳುವ ಸೌಲಭ್ಯವಿಲ್ಲ. ಎದುರಾಳಿ ಆಡುವವನಿಗಿಂತ ಎಷ್ಟೋ ಪಾಲು ಬಲಿಷ್ಠ. ಅವನ ಪ್ರತಿಯೊಂದು ಚಲನೆಯನ್ನೂ ಗಮನಿಸಿ, ಕಲಿತು, ಸೋತು, ಮತ್ತೆ ಎದ್ದು ಬರಬೇಕು. ಸೆಕಿರೊದಲ್ಲಿ ಎದುರಾಳಿಯ ಕತ್ತಿ ಬೀಳುವ ಕ್ಷಣಕ್ಕೆ ಸರಿಯಾಗಿ ತನ್ನ ಕತ್ತಿಯನ್ನು ಒಡ್ಡಿದರೆ ಅವನ ನಿಲುವೇ ಕುಸಿಯುತ್ತದೆ. ಅವಸರಪಟ್ಟವನಿಗೆ ಅಲ್ಲಿ ಗೆಲುವಿಲ್ಲ. ಹಣ ಕೊಟ್ಟು ಬಲವನ್ನು ಕೊಳ್ಳುವಂತಿಲ್ಲ. ಸೋಲು ತನ್ನದೇ, ಬೇರೊಬ್ಬರ ಮೇಲೆ ಹಾಕುವಂತಿಲ್ಲ. ಮೊಬೈಲಿನ ಆಟಗಳೊಡನೆ ಹೋಲಿಸಿದರೆ ಇದು ಪ್ರಾಮಾಣಿಕ ವ್ಯವಹಾರವೆಂಬುದರಲ್ಲಿ ಸಂಶಯವಿಲ್ಲ.

ಆದರೆ “ಕಠಿಣವಾದುದರಿಂದ ಇದು ತಪಸ್ಸಿನಂತೆ” ಎಂಬ ಮಾತಿಗೆ ಜೈನರ ಮನೆಯಲ್ಲಿ ಹುಟ್ಟಿದವರು ಮರುಳಾಗಬಾರದಾಗಿತ್ತು. ಪಾರ್ಶ್ವನಾಥ ಸ್ವಾಮಿಯ ಚರಿತೆಯಲ್ಲಿ ಪಂಚಾಗ್ನಿಯ ನಡುವೆ ಕುಳಿತ ತಾಪಸನ ಪ್ರಸಂಗವಿದೆ. ಅವನ ತಪಸ್ಸು ಕಠಿಣವಾಗಿರಲಿಲ್ಲವೇ? ನಾಲ್ಕು ಕಡೆ ಬೆಂಕಿ, ಮೇಲೆ ಸೂರ್ಯ. ಆದರೆ ಉರಿಯುತ್ತಿದ್ದ ಕೊರಡಿನೊಳಗೆ ನಾಗದಂಪತಿ ಬೇಯುತ್ತಿದ್ದುದು ಅವನಿಗೆ ಕಾಣಲಿಲ್ಲ. ಅರಿವಿಲ್ಲದ ಕಾಠಿಣ್ಯಕ್ಕೆ ಶಾಸ್ತ್ರವು ಬಾಲತಪವೆಂದು ಹೆಸರಿಟ್ಟಿದೆ. ರಾತ್ರಿ ಎರಡು ಗಂಟೆಯವರೆಗೆ ಒಬ್ಬನೇ ಎದುರಾಳಿಯೊಡನೆ ಸೆಣಸುವ ತರುಣನ ತಾಳ್ಮೆ ನಿಜವಾದುದೇ. ಆದರೆ ಆ ಕೊರಡಿನೊಳಗೆ ಏನು ಬೇಯುತ್ತಿದೆಯೆಂದು ಅವನು ಕೇಳಿಕೊಂಡಿದ್ದಾನೆಯೇ? ಸೆಕಿರೊದ ಮೊದಲ ಪ್ರದೇಶಗಳಲ್ಲಿಯೇ ಮೇಲೆರಗುವ ಹುಂಜಗಳಿವೆ, ಅವನ್ನೂ ಕತ್ತರಿಸಬೇಕು. (ಹುಂಜ ಇಲ್ಲಿಯೂ ಬೆನ್ನು ಬಿಡಲಿಲ್ಲ.) ಎಲ್ಡನ್ ರಿಂಗಿನಲ್ಲಂತೂ ಯಾರಿಗೂ ಕೇಡು ಬಗೆಯದ ಕುರಿ, ಜಿಂಕೆಗಳು ಹುಲ್ಲುಗಾವಲಿನಲ್ಲಿ ತಿರುಗಾಡುತ್ತವೆ, ಅವನ್ನು ಕೊಂದರೆ ಬಾಣ ಮಾಡಲು ಮೂಳೆ ಸಿಗುತ್ತದೆ. ಜಗಳೂರಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗೆಂದೇ ಒಂದು ವನ್ಯಧಾಮವಿದೆ. ಅಲ್ಲಿಗೆ ಹೋಗಿ ಆ ನಾಚಿಕೆಯ ಪ್ರಾಣಿಯ ಸುಳಿವಾದರೂ ಸಿಕ್ಕೀತೇ ಎಂದು ಉಸಿರು ಬಿಗಿಹಿಡಿದು ಕಾದ ಹುಡುಗನೇ ಪರದೆಯ ಜಿಂಕೆಯನ್ನು ಎರಡನೆಯ ಬಾರಿ ನೋಡದೆ ಹೊಡೆಯುತ್ತಾನೆ. ಅದು ವಿರೋಧೀ ಹಿಂಸೆಯೂ ಅಲ್ಲ, ಉದ್ಯೋಗೀ ಹಿಂಸೆಯೂ ಅಲ್ಲ.

ಅದೇ ಸೆಕಿರೊದಲ್ಲಿ, ನ್ಯಾಯವಾಗಿ ಹೇಳುವುದಾದರೆ, ಬೇರೆಡೆ ಕಾಣದ ಒಂದು ಏರ್ಪಾಡೂ ಇದೆ. ನಾಯಕನು ಸತ್ತು ಮತ್ತೆ ಮತ್ತೆ ಜೀವ ಪಡೆದಂತೆಲ್ಲ ಅವನಿಗೆ ನೆರವಾದ ಸಾಮಾನ್ಯ ಜನರಿಗೆ ಒಂದು ಕೆಮ್ಮಿನ ರೋಗ ಹರಡುತ್ತದೆ. ಒಬ್ಬನ ಹಟದ ಬೆಲೆಯನ್ನು ನೆರೆಯವರು ತೆರುತ್ತಾರೆ. ಕರ್ಮದ ಬಂಧ ತನ್ನದು ತನಗೇ ಎಂಬ ಸಿದ್ಧಾಂತಕ್ಕೆ ಇದು ಕೂಡಿಬರುವುದಿಲ್ಲವಾದರೂ, ಕ್ರಿಯೆಗೆ ಫಲವಿಲ್ಲವೆಂಬ ಮೊಬೈಲಿನ ಆಟಗಳ ಹುಸಿಗಿಂತ ಎಷ್ಟೋ ಮೇಲು.

ಇದರ ಪ್ರತಿಸ್ಪರ್ಧಿಯೆಂದು ತರುಣರು ಹೆಸರಿಸುವುದು ಡೆವಿಲ್ ಮೇ ಕ್ರೈ ಎಂಬ ಆಟವನ್ನು. 2001ರಿಂದ ಒಂದಾದಮೇಲೊಂದು ಭಾಗ ಬಂದಿದೆ. ಅಲ್ಲಿ ಗೆಲ್ಲುವುದು ಸಾಲದು. ಎಷ್ಟು ಸೊಗಸಾಗಿ, ಎಷ್ಟು ಬಗೆಬಗೆಯಾಗಿ ಕಡಿದೆ ಎಂಬುದಕ್ಕೆ ಪರದೆಯ ಅಂಚಿನಲ್ಲಿ ಅಕ್ಷರಗಳ ಶ್ರೇಣಿ ಏರುತ್ತಾ ಹೋಗುತ್ತದೆ. ವಧೆಯ ಚೆಲುವಿಗೆ ಅಂಕ! ಹಿಂಸಾನಂದಕ್ಕೆ ಇದಕ್ಕಿಂತ ಸ್ಪಷ್ಟವಾದ ಲಕ್ಷಣವನ್ನು ಯಾವ ಟೀಕಾಕಾರನೂ ಬರೆಯಲಾರನು. ಅಲ್ಲಿ ಸಾಯುವವರು ಮನುಷ್ಯರಲ್ಲ, ಪಿಶಾಚಿಗಳೆಂಬ ಸಮಾಧಾನ ಬೇರೆ. ಎದುರಾಳಿಯನ್ನು ರಾಕ್ಷಸನೆಂದು ಕರೆದು ಕೊಂದುಬಿಡುವ ಸೌಲಭ್ಯವನ್ನು ಜೈನ ಕವಿಗಳು ಬಹು ಹಿಂದೆಯೇ ಕಳಚಿಹಾಕಿದ್ದಾರೆ. ನಾಗಚಂದ್ರನ ರಾಮಕಥೆಯಲ್ಲಿ ರಾವಣನು ಹತ್ತು ತಲೆಯ ದೈತ್ಯನಲ್ಲ, ವಿದ್ಯಾಧರ ವಂಶದ ಅರಸು. ಪರಸ್ತ್ರೀಯ ಮೋಹದಿಂದ ಕೆಟ್ಟ ಉದಾತ್ತ ಪುರುಷ. ಅವನನ್ನು ಕೊಲ್ಲುವವನು ರಾಮನಲ್ಲ, ಲಕ್ಷ್ಮಣ. ಜೈನ ಪರಂಪರೆಯಲ್ಲಿ ಆ ಲಕ್ಷ್ಮಣನಿಗೆ ನರಕ ತಪ್ಪಲಿಲ್ಲ. ಎದುರಾಳಿ ರಾಕ್ಷಸನಾದ್ದರಿಂದ ಕೊಂದವನ ಲೆಕ್ಕ ಚುಕ್ತಾ ಆಗುವುದೆಂಬ ನಂಬಿಕೆಗೆ ಆ ಪರಂಪರೆಯಲ್ಲಿ ಜಾಗವಿಲ್ಲ.

ಕೊಲ್ಲದೆಯೂ ಕಠಿಣವಾದ ಆಟವನ್ನು ಕಟ್ಟಲು ಸಾಧ್ಯವಿಲ್ಲವೇ? ಸಾಧ್ಯವೆಂದು ತೋರಿಸಿದವರಿದ್ದಾರೆ. 2004ರ ಮೆಟಲ್ ಗಿಯರ್ ಸಾಲಿಡ್‌ನ ಮೂರನೆಯ ಭಾಗದಲ್ಲಿ ನಾಯಕನು ಒಂದು ಹೊಳೆಯಲ್ಲಿ ನಡೆದು ಹೋಗಬೇಕಾಗುತ್ತದೆ. ಅದುವರೆಗೆ ಅವನು ಕೊಂದವರೆಲ್ಲ ಒಬ್ಬೊಬ್ಬರಾಗಿ ಎದುರು ಬರುತ್ತಾರೆ. ಹೆಚ್ಚು ಕೊಂದವನ ದಾರಿ ಹೆಚ್ಚು ದೀರ್ಘ, ಕೊಲ್ಲದವನಿಗೆ ಹೊಳೆ ಬಹುಮಟ್ಟಿಗೆ ಬರಿದು. 2015ರ ಅಂಡರ್‌ಟೇಲ್ ಎಂಬ ಪುಟ್ಟ ಆಟವನ್ನು ಒಂದು ಜೀವವನ್ನೂ ಕೊಲ್ಲದೆ ಮುಗಿಸಬಹುದು. ಎದುರಾಳಿಯ ಏಟುಗಳನ್ನು ತಪ್ಪಿಸಿಕೊಳ್ಳುತ್ತಲೇ ಅವನೊಡನೆ ಮಾತಾಡಿ, ಕೊನೆಗೆ ಕ್ಷಮಿಸಬೇಕು. ಕೊಲ್ಲುತ್ತಾ ಹೋದವನು ಮೈಬಲವನ್ನು ಹೆಚ್ಚಿಸಿಕೊಳ್ಳುತ್ತಾನೆ, ಕ್ಷಮಿಸುವವನಿಗೆ ಆ ಬಲ ದೊರೆಯುವುದಿಲ್ಲ. ಅವನು ಕೊನೆಯವರೆಗೂ ದುರ್ಬಲನಾಗಿಯೇ ಎದುರಿಸಬೇಕು. ಅಮೆರಿಕದ ಒಬ್ಬ ತರುಣ ರಚಿಸಿದ ಈ ಆಟದಲ್ಲಿ ಜೈನ ಪಾಠಶಾಲೆಯ ಮಕ್ಕಳಿಗೆ ಹೇಳಿಕೊಡಬಹುದಾದ ವಿಷಯ ತುಂಬ ಇದೆ. ಪಾಠಶಾಲೆಯ ಅಧ್ಯಾಪಕರು ಅದರ ಹೆಸರನ್ನೇ ಕೇಳಿಲ್ಲದಿರುವುದು ಮಕ್ಕಳ ತಪ್ಪಲ್ಲ.

ದಶಲಕ್ಷಣ ಪರ್ವದ ಹತ್ತು ದಿನ ಮೊಬೈಲ್ ಆಟವನ್ನು ತ್ಯಾಗ ಮಾಡಿಸಿ, ಹನ್ನೊಂದನೆಯ ದಿನ ಮರಳಿ ಕೊಡುವ ಪದ್ಧತಿ ಕೆಲವೆಡೆ ಕಂಡುಬರುತ್ತದೆ. ಹತ್ತು ದಿನದ ತ್ಯಾಗ ತಪ್ಪಲ್ಲ. ಆದರೆ ಏನನ್ನು ಏಕೆ ಬಿಡುತ್ತಿದ್ದೇನೆಂಬ ವಿಚಾರವಿಲ್ಲದೆ ಎಲ್ಲವನ್ನೂ ಒಟ್ಟಿಗೆ ಬಿಟ್ಟವನು ಎಲ್ಲವನ್ನೂ ಒಟ್ಟಿಗೇ ಹಿಡಿಯುತ್ತಾನೆ. ಅದೇ ಹತ್ತು ದಿನ, ಪ್ರವಚನದ ನಡುವೆ, ಹಿಂದಿನ ಸಾಲಿನಲ್ಲಿ ಕುಳಿತ ದೊಡ್ಡವರ ಮೊಬೈಲಿನಲ್ಲಿ ಏನು ನಡೆಯುತ್ತಿರುತ್ತದೆಂಬುದನ್ನೂ ಹೇಳಿಬಿಡುವುದೇ ಲೇಸು. ಷೇರುಪೇಟೆಯ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟು ಮಾಡಿದ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ 2022ರಿಂದ 2024ರವರೆಗಿನ ಮೂರು ಆರ್ಥಿಕ ವರ್ಷಗಳಲ್ಲಿ ನಷ್ಟ ಹೊಂದಿದರೆಂದೂ, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತೆಂದೂ ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು. ಹುಡುಗನು ಬಾಟ್‌ಗಳನ್ನು ಹೊಡೆದು ಶೂರನೆಂದುಕೊಳ್ಳುತ್ತಾನೆ. ತಂದೆಯು ಎರಡು ದಿನದ ಲಾಭದಿಂದ ನಿಪುಣನೆಂದುಕೊಳ್ಳುತ್ತಾನೆ. ಇಬ್ಬರ ಎದುರಿಗೂ ಪರದೆಯಾಚೆ ಲೆಕ್ಕ ಬಲ್ಲವರು ಕುಳಿತಿದ್ದಾರೆ.

ಲೆಕ್ಕದ ಮಾತು ಬಂದುದರಿಂದ ಇನ್ನೊಂದು. ಬಿ.ಜಿ.ಎಂ.ಐ. ಬರುವಾಗ ಹದಿನೆಂಟು ತುಂಬದವರಿಗೆ ದಿನಕ್ಕೆ ಮೂರು ಗಂಟೆ, ದಿನಕ್ಕೆ ಏಳು ಸಾವಿರ ರೂಪಾಯಿ ಎಂದು ಮಿತಿ ಹಾಕಿದ್ದನ್ನು ಜವಾಬ್ದಾರಿಯ ನಡೆಯೆಂದು ಪ್ರಚಾರ ಮಾಡಲಾಯಿತು. ಏಳು ಸಾವಿರವನ್ನು ಮೂವತ್ತರಿಂದ ಗುಣಿಸಿದರೆ ತಿಂಗಳಿಗೆ ಎರಡು ಲಕ್ಷ ಹತ್ತು ಸಾವಿರ. ಮಳೆಯನ್ನೇ ನೆಚ್ಚಿದ ಜಗಳೂರಿನ ಎಷ್ಟು ಹೊಲಗಳು ಒಂದು ವರ್ಷದಲ್ಲಿ ಅಷ್ಟು ಕೊಟ್ಟಿವೆ? ಇದು ಮಿತಿಯೆಂದಾದರೆ ಪರಿಗ್ರಹ ಪರಿಮಾಣವೆಂಬ ವ್ರತಕ್ಕೆ ಅರ್ಥವೇ ಉಳಿಯುವುದಿಲ್ಲ.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಗೃಹಸ್ಥನಿಗೆ ಅನರ್ಥದಂಡವೆಂಬ ಪ್ರಯೋಜನವಿಲ್ಲದ ಪಾಪವನ್ನು ಐದು ಬಗೆಯಾಗಿ ವಿಂಗಡಿಸಿ ತೋರಿಸುತ್ತದೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಈ ಆಟಗಳ ವಿಚಾರಕ್ಕೆ ಸರಿಯಾದ ಸ್ಥಳ ಇದೇ ಹೊರತು “ಎಲ್ಲವೂ ಹಿಂಸೆ” ಎಂಬ ಒಂದೇ ಚೀಲವಲ್ಲ. ಇನ್ನೊಬ್ಬನ ಅಳಿವನ್ನು ಮನಸ್ಸಿನಲ್ಲಿ ಹಾರೈಸುವುದು ಅಪಧ್ಯಾನ. ಹೊತ್ತು ಕಳೆಯಲು ಹುಲ್ಲು ಕೀಳುವುದು ಪ್ರಮಾದಚರ್ಯೆ. ಆಯುಧವನ್ನು ಇನ್ನೊಬ್ಬನ ಕೈಗೆ ಕೊಡುವುದು ಹಿಂಸಾದಾನ. ಆಡುವ ಬಾಲಕನಿಗೆ ಮೊದಲೆರಡು ಅನ್ವಯಿಸಬಹುದು. ಮೂರನೆಯದು ಅವನಿಗೆ ಅನ್ವಯಿಸುವುದಿಲ್ಲ. ಹತ್ತು ಹನ್ನೆರಡು ವರ್ಷದ ಹುಡುಗನು ಮೊಬೈಲನ್ನು ತಾನೇ ಕೊಳ್ಳಲಿಲ್ಲ.

ಟ್ರಸ್ಟುಗಳ ಮುಂದೆ ಇರಿಸಬೇಕಾದ ಸೂಚನೆ ಇಷ್ಟೆ. ನಿರ್ಣಯ ಮಂಡಿಸುವ ಮುನ್ನ ಕಾರ್ಯಕಾರಿ ಸಮಿತಿಯ ಸದಸ್ಯರು ಪ್ರತಿಯೊಬ್ಬರೂ ತಮ್ಮ ಮನೆಯ ಮಗನ ಅಥವಾ ಮೊಮ್ಮಗನ ಪಕ್ಕದಲ್ಲಿ ಒಂದು ಗಂಟೆ ಕುಳಿತು ಆಟವನ್ನು ನೋಡಲಿ. ಬಿದ್ದವನನ್ನು ಏನು ಮಾಡಿದೆ, ಏಕೆ ಮಾಡಿದೆ, ಎದುರಿಗಿದ್ದವನು ಮನುಷ್ಯನೋ ಬೊಂಬೆಯೋ, ಈ ಬಂದೂಕಿನ ಬಣ್ಣಕ್ಕೆ ಎಷ್ಟು ಕೊಟ್ಟೆ ಎಂದು ಬೈಯದೆ ಕೇಳಲಿ. ಚೈತ್ರದ ಮಹಾವೀರ ಜಯಂತಿಯ ಭಾಷಣ ಸ್ಪರ್ಧೆಗೆ “ಅಹಿಂಸೆ” ಎಂಬ ಹಳೆಯ ವಿಷಯದ ಬದಲು ಇದನ್ನೇ ಕೊಡಲಿ. ಮಕ್ಕಳೇ ತಮ್ಮ ಆಟಗಳನ್ನು ತೂಗಿ ಹೇಳಲಿ. ತೆವಳುವವನನ್ನು ಹೊಡೆಯುವುದಿಲ್ಲವೆಂಬ ನಿಯಮವನ್ನು ತಾನೇ ಹಾಕಿಕೊಂಡ ಒಬ್ಬ ಹುಡುಗನಾದರೂ ಎದ್ದು ನಿಂತರೆ ಸಮಿತಿಯ ಹಲವು ನಿರ್ಣಯಗಳಿಗಿಂತ ಅದು ಮೇಲು.

ಹದಿನೆಂಟು ತುಂಬದವನು ಆ ಆಟಕ್ಕೆ ಸೇರಬೇಕಾದರೆ ತಂದೆ ಅಥವಾ ತಾಯಿಯ ಮೊಬೈಲಿಗೆ ಒಂದು ಓ.ಟಿ.ಪಿ. ಬರುತ್ತದೆ, ಅದನ್ನು ಅವರು ಹೇಳಬೇಕು. ಅಡಿಕೆಯ ಸುಗ್ಗಿಯ ಸಮಯ, ಅಂಗಡಿಯಲ್ಲಿ ತೂಕ ನಡೆಯುತ್ತಿದೆ, ಗಿರಾಕಿ ನಿಂತಿದ್ದಾನೆ. ಮನೆಯಿಂದ ಫೋನು: “ಅಪ್ಪಾಜಿ, ಒಂದು ನಂಬರು ಬಂದದೆ, ಹೇಳ್ರಿ.” ಏನಕ್ಕೆಂದು ಕೇಳಲು ಬಿಡುವಿಲ್ಲ. ತಕ್ಕಡಿಯಿಂದ ಕಣ್ಣು ತೆಗೆಯದೆ ತಂದೆಯು ಅಂಕಿಗಳನ್ನು ಒಂದೊಂದಾಗಿ ಓದಿ ಹೇಳುತ್ತಾನೆ. ಕೃತ, ಕಾರಿತ, ಅನುಮೋದನ ಎಂಬ ಮೂರರಲ್ಲಿ ಅದು ಯಾವುದೆಂದು ಪಾಠಶಾಲೆಯ ಎರಡನೆಯ ತರಗತಿಯ ಮಗುವೂ ಹೇಳಬಲ್ಲದು.